ಹೋಂಸ್ಟೇ ನಡೆಸಿದ ನೆನಪುಗಳನ್ನು ಪುಸ್ತಕ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆ ಹತ್ತಿರ ನಮ್ಮದೊಂದು ಹಳೇ ತೋಟದ ಮನೆ. ಅದರ ನಾಲ್ಕು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು ನಾನೂ ನಮ್ಮ ಮನೆಯವರೂ ಹನ್ನೊಂದು ವರ್ಷ ಹೋಂಸ್ಟೇ ನಡೆಸಿದೆವು. ಅದನ್ನೆಲ್ಲ ಬರೆದು ಪುಸ್ತಕ ಮಾಡಿದ ಮೇಲೆ ಕೊಡಗು, ಸಕಲೇಶಪುರ, ಶಿರಸಿ ಕಡೆಯಿಂದ ಫೋನ್ ಬರೋಕೆ ಶುರುವಾಯಿತು. "ನಮ್ಮ ಹತ್ರನೂ ಬೇಕಾದಷ್ಟು ಕಥೆ ಇದೆ, ಪುಸ್ತಕ ಮಾಡೋದು ಹೇಗೆ?" ಎಂದು ಕೇಳುವವರೇ ಎಲ್ಲ. ಒಂದು ಪ್ರಶ್ನೆಯ ಹಿಂದೆ ಇನ್ನೂ ಹತ್ತು ಪ್ರಶ್ನೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ನಾವು ಸಾಹಿತಿಗಳಲ್ಲ. ನಮ್ಮ ಮನೆ ಕಥೆ ಯಾರು ಓದ್ತಾರೆ?

ಓದುತ್ತಾರೆ. ಆದರೆ ನಿಮ್ಮ ಊರು ಎಷ್ಟು ಚೆಂದ ಅಂತ ತಿಳಿಯೋಕಲ್ಲ. ಹಸಿರು ಗುಡ್ಡ, ಮಂಜು, ಜಲಪಾತ ಇವೆಲ್ಲ ಜಾಹೀರಾತಿನಲ್ಲಿ ಸಾಕಷ್ಟು ಬಂದಿವೆ. ಓದುವವರಿಗೆ ಗೊತ್ತಿಲ್ಲದ್ದು ಅಡುಗೆಮನೆ ಕಡೆಯ ಕಥೆ. ರಾತ್ರಿ ಹನ್ನೊಂದಕ್ಕೆ ಚಾರ್ಮಾಡಿ ಘಾಟಿಯಲ್ಲಿ ಮರ ಬಿದ್ದು ಅತಿಥಿಗಳು ಅಲ್ಲೇ ಸಿಕ್ಕಿಕೊಂಡರೆ ಒಲೆ ಆರಿಸದೆ ಕಾಯುವವರು ಯಾರು? ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದಾಗ ಎಂಟು ಜನಕ್ಕೆ ಹಂಡೆಯಲ್ಲಿ ನೀರು ಕಾಯಿಸುವುದು ಹೇಗೆ? ಅದನ್ನು ನೀವು ಬಿಟ್ಟರೆ ಬೇರೆ ಯಾರೂ ಬರೆಯುವುದಿಲ್ಲ.

ಎಲ್ಲಿಂದ ಶುರು ಮಾಡೋದು?

ಲೆಕ್ಕದ ಪುಸ್ತಕದಿಂದ. ನಾನು ಮೊದಲು ನೆನಪಿನಿಂದಲೇ ಬರೆಯಲು ಕೂತಿದ್ದೆ. ನಾಲ್ಕು ಪುಟ ಆಗುವಷ್ಟರಲ್ಲಿ ಎಲ್ಲ ಅತಿಥಿಗಳೂ ಒಂದೇ ಥರ ಕಾಣತೊಡಗಿದರು. ಒಂದಿನ ಅಟ್ಟದಿಂದ ಹಳೇ ಲೆಕ್ಕದ ಪುಸ್ತಕ ಇಳಿಸಿದೆ. ಒಂದು ಪುಟದಲ್ಲಿ "ಗ್ಯಾಸ್ 1, ಟಾರ್ಚ್ ಸೆಲ್ 6, ಉಪ್ಪು 5 ಕೆಜಿ, ಬೇಬಿ ಸೆರೆಲ್ಯಾಕ್ 1" ಎಂದಿತ್ತು. ಐದು ಕೆಜಿ ಉಪ್ಪು ಇಂಬಳಕ್ಕೆ. ಕಾಲಿಗೆ ಹತ್ತಿದ ಇಂಬಳ ಬಿಡಿಸಲು ಜಗಲಿಯ ತುದಿಯಲ್ಲಿ ಉಪ್ಪಿನ ಡಬ್ಬಿ ಇಡುತ್ತಿದ್ದೆವು. ಸೆರೆಲ್ಯಾಕ್ ನೋಡಿದ್ದೇ ಆ ಇಡೀ ವಾರ ಕಣ್ಮುಂದೆ ಬಂತು. ಮಗುವಿನ ಊಟದ ಚೀಲವನ್ನು ಬೆಂಗಳೂರಿನಲ್ಲೇ ಮರೆತು ಬಂದಿದ್ದ ತಾಯಿ. ಸುರಿಯುವ ಮಳೆಯಲ್ಲಿ ಬೈಕ್ ಹತ್ತಿ ಕೊಟ್ಟಿಗೆಹಾರಕ್ಕೆ ಹೋದ ನಮ್ಮ ಮನೆಯವರು. ಪುಸ್ತಕದ ಮೊದಲ ಅಧ್ಯಾಯ ಆಗಿದ್ದು ಅದೇ.

ಹಾಲಿನ ಚೀಟಿ, ಜೀಪಿನವನ ಬಾಡಿಗೆ, ಫೋನಲ್ಲಿ ಉಳಿದ ಹಳೇ ಮೆಸೇಜು, ಯಾವುದನ್ನೂ ಬಿಸಾಡಬೇಡಿ. ತೋಟದ ಮಳೆ ಲೆಕ್ಕ ಬರೆದಿಡುವ ಅಭ್ಯಾಸ ಇದ್ದರೆ ಇನ್ನೂ ಒಳ್ಳೆಯದು. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಬಿತ್ತು ಅಂತ ಗೊತ್ತಾದರೆ ಆ ವಾರ ಯಾರಿದ್ದರು, ಏನು ಮಾತಾಡಿದರು ಎಲ್ಲ ಹಿಂದೆಯೇ ಬರುತ್ತದೆ.

ಅತಿಥಿಗಳ ಹೆಸರು ಬರೆಯಬಹುದಾ?

ನನಗೆ ಜಾಸ್ತಿ ಬಂದಿರುವ ಪ್ರಶ್ನೆ ಇದು. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಪ್ರಶ್ನೆಯೂ ಇಲ್ಲ.

ರಿಜಿಸ್ಟರಿನಲ್ಲಿ ಅವರು ಹೆಸರು, ವಿಳಾಸ ಬರೆದುಕೊಟ್ಟಿದ್ದು ನಾವು ಕಾನೂನಿಗಾಗಿ ಕೇಳಿದ್ದರಿಂದ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಕಳಿಸಬೇಕು, ಅದಕ್ಕೆ ಪಾಸ್‌ಪೋರ್ಟ್ ವಿವರ ತೆಗೆದುಕೊಳ್ಳುತ್ತೇವೆ. ಇವ್ಯಾವುದೂ ಪುಸ್ತಕಕ್ಕೆ ಅಂತ ಕೊಟ್ಟದ್ದಲ್ಲ. ಹಾಗಾಗಿ ರಿಜಿಸ್ಟರನ್ನು ತಾರೀಖು ನೋಡಲು ಮಾತ್ರ ಬಳಸಿ.

ಹೆಸರು ಬದಲಿಸಿದರೆ ಸಾಕು ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಸಾಲದು. ಊರು, ಕೆಲಸ, ಬಂದ ತಿಂಗಳು, ಎಷ್ಟು ಮಕ್ಕಳು, ಇಷ್ಟು ಸೇರಿದರೆ ಅವರ ಪಕ್ಕದ ಮನೆಯವರಿಗೆ ಗೊತ್ತಾಗಿಬಿಡುತ್ತದೆ. ಕನಿಷ್ಠ ಎರಡು ವಿವರವನ್ನಾದರೂ ಬದಲಿಸಿ, ಬದಲಿಸಿದ್ದೇನೆ ಅಂತ ಲೇಖಕರ ಮಾತಿನಲ್ಲಿ ಹೇಳಿ.

ನಮ್ಮಲ್ಲಿಗೆ ಪ್ರತಿ ಡಿಸೆಂಬರ್‌ನಲ್ಲಿ ಒಂದು ಜೋಡಿ ಬರುತ್ತಿತ್ತು. ಐದನೇ ವರ್ಷ ಆಕೆ ಒಬ್ಬರೇ ಬಂದರು. ಮೂರು ದಿನ ಜಗಲಿಯಲ್ಲಿ ಕೂತು ಕಾಫಿ ಹಣ್ಣು ಒಣಗಿಸುವುದನ್ನೇ ನೋಡುತ್ತಿದ್ದರು. ಎರಡನೇ ರಾತ್ರಿ ಅಡುಗೆಮನೆಗೆ ಬಂದು ಎಲ್ಲ ಹೇಳಿಕೊಂಡರು. ಬರೆಯುವಾಗ ಆ ರಾತ್ರಿಯನ್ನೂ ಬರೆದಿದ್ದೆ. ಚೆನ್ನಾಗೇ ಬಂದಿತ್ತು. ಆದರೆ ಮನಸ್ಸು ಒಪ್ಪಲಿಲ್ಲ. ಫೋನ್ ಮಾಡಿ ಓದಿ ಹೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಕ್ಕ, ಜಗಲಿಯಲ್ಲಿ ಕೂತಿದ್ದು ಬರೀರಿ. ಒಳಗೆ ಹೇಳಿದ್ದು ಬೇಡ" ಅಂದರು. ಹಾಗೇ ಮಾಡಿದೆ. ಎರಡು ಪುಟ ಹೋಯಿತು. ಉಳಿದ ಅರ್ಧ ಪುಟವನ್ನು ಓದಿದವರು ಇವತ್ತಿಗೂ ನೆನಪಿಸಿಕೊಳ್ಳುತ್ತಾರೆ.

ಕಾನೂನಿನ ಮಾತು ಬೇಕಾದರೆ, 1994ರಲ್ಲಿ ಆಟೋ ಶಂಕರ್ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒಬ್ಬರ ಖಾಸಗಿ ಬದುಕಿನ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು ಎಂದಿದೆ. ಸಾರ್ವಜನಿಕ ದಾಖಲೆಯಲ್ಲಿ ಇರುವುದಕ್ಕೆ ಬೇರೆ ನಿಯಮ. 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆದರೆ ನಮಗೆ ಕೋರ್ಟಿಗಿಂತ ಮೊದಲು ಅವರು ನಮ್ಮ ಮನೆಯಲ್ಲಿ ಉಂಡು ಮಲಗಿದವರು ಎನ್ನುವುದು ನೆನಪಿರಬೇಕು, ಅಲ್ವಾ?

ಕೆಟ್ಟದಾಗಿ ನಡೆದುಕೊಂಡವರ ಬಗ್ಗೆಯೂ ಬರೆಯಬಾರದಾ?

ಬರೆಯಿರಿ. ಕುಡಿದು ಗಲಾಟೆ ಮಾಡಿದವರು, ದುಡ್ಡು ಕೊಡದೆ ಬೆಳಗಿನ ಜಾವ ಹೋದವರು, ಕೆಲಸದವರನ್ನು ಏಕವಚನದಲ್ಲಿ ಕರೆದವರು, ಎಲ್ಲ ಇರುತ್ತಾರೆ. ಅದನ್ನು ಬಿಟ್ಟು ಬರೆದರೆ ಪುಸ್ತಕ ಸುಳ್ಳಾಗುತ್ತದೆ. ನಡೆದದ್ದನ್ನು ಹೇಳಿ, ಮನುಷ್ಯರ ಗುರುತು ಕೊಡಬೇಡಿ. ಮಾನನಷ್ಟದ ಕಾನೂನು ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿದೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಬರೀ "ನಿಜ" ಎನ್ನುವುದು ಅಲ್ಲಿ ಸಾಲುವುದಿಲ್ಲ. ಅದನ್ನು ಹೇಳಿದ್ದು ಸಾರ್ವಜನಿಕರ ಒಳ್ಳೆಯದಕ್ಕೆ ಅಂತಲೂ ತೋರಿಸಬೇಕು. ಅಕ್ಕಪಕ್ಕದ ಹೋಂಸ್ಟೇಯವರ ಮೇಲೆ ಸಿಟ್ಟಿದ್ದರೆ ಆ ಅಧ್ಯಾಯವನ್ನು ಆರು ತಿಂಗಳು ಮುಟ್ಟದೆ ಇಟ್ಟು ಆಮೇಲೆ ಓದಿ.

ಕೆಲಸದವರ ಬಗ್ಗೆ ಬರೆಯೋಕೂ ಒಪ್ಪಿಗೆ ಕೇಳಬೇಕಾ?

ಖಂಡಿತ ಕೇಳಬೇಕು. ಅತಿಥಿಗಳು ಎರಡು ದಿನ ಇದ್ದು ಹೋಗುವವರು. ಅಡುಗೆಯವರು, ತೋಟದ ಲೆಕ್ಕ ಬರೆಯುವ ರೈಟರು, ತೋಟದ ಕೆಲಸದವರ ಲೈನ್ ಮನೆಯಿಂದ ಬಂದು ಹಾಸಿಗೆ ಒಗೆಯುವವರು ವರ್ಷಗಟ್ಟಲೆ ಜೊತೆಗಿದ್ದವರು. ಹೋಂಸ್ಟೇ ನಿಂತಿದ್ದೇ ಅವರ ಮೇಲೆ. ಪುಸ್ತಕಗಳಲ್ಲಿ ಮಾತ್ರ ಅವರು "ನಮ್ಮ ಅಡುಗೆಯವಳು" ಎಂಬ ಒಂದು ಪದ ಆಗಿಬಿಡುತ್ತಾರೆ. ಇದು ನನಗೆ ತುಂಬ ನೋವಾಗುವ ವಿಷಯ.

ನಮ್ಮಲ್ಲಿ ಅಡುಗೆಗೆ ಬರುತ್ತಿದ್ದ ಅಕ್ಕನಿಗೆ ಓದಲು ಬರುವುದಿಲ್ಲ. ಅವರ ಅಧ್ಯಾಯ ಮುಗಿದ ದಿನ ಒಲೆ ಮುಂದೆ ಕೂತು ಪೂರ್ತಿ ಓದಿ ಹೇಳಿದೆ. ಅವರು ರೊಟ್ಟಿ ತಟ್ಟುತ್ತಲೇ ಕೇಳುತ್ತಿದ್ದರು. ಕಳಲೆ (ಎಳೆ ಬಿದಿರು) ಪಲ್ಯದ ಭಾಗ ಬಂದಾಗ ಕೈ ನಿಂತಿತು. "ಒಂದಿನ ನೆನೆಸಿದ್ರೆ ಆಗುತ್ತಾ? ಮೂರು ದಿನ ನೀರಲ್ಲಿ ಇಡ್ಬೇಕು. ದಿನಾ ನೀರು ಬದಲಾಯಿಸ್ಬೇಕು. ಇದನ್ನ ಓದಿ ಯಾರಾದ್ರೂ ಹಾಗೇ ಮಾಡಿದ್ರೆ?" ಅಂದರು. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ, ನೆನೆಸಿ ನೀರು ಚೆಲ್ಲುವುದು ಅದಕ್ಕೇ. ಹನ್ನೊಂದು ವರ್ಷ ಅವರು ಮಾಡಿದ್ದನ್ನು ನಾನು ಬಡಿಸಿದ್ದೆ, ಕಣ್ಣಿಟ್ಟು ನೋಡಿರಲಿಲ್ಲ. ಆಮೇಲೆ ಅವರು ಇನ್ನೊಂದು ಕೇಳಿದರು. "ನನ್ನ ಹೆಸರು ಹಾಕಿ. ಬದಲಾಯಿಸ್ಬೇಡಿ." ಹಾಕಿದೆ. ಮೊದಲ ಪ್ರತಿ ಕೊಟ್ಟಿದ್ದೂ ಅವರಿಗೇ.

ನಿಮ್ಮವರು ಬೇಡ ಎಂದರೆ ಬೇಡ. ಸಂಬಳ ಕೊಡುವವರು ಕೇಳಿದಾಗ ಇಲ್ಲ ಅನ್ನುವುದು ಅವರಿಗೆ ಕಷ್ಟ. ಅದಕ್ಕೆ ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಿ.

ಅತಿಥಿಗಳು ಬರೆದ ಮೆಚ್ಚುಗೆ ಮಾತು, ಅವರು ತೆಗೆದ ಫೋಟೋ, ಕವಿತೆ ಸಾಲುಗಳನ್ನು ಹಾಕಿಕೊಳ್ಳಬಹುದಾ?

ಅತಿಥಿಗಳು ಅನಿಸಿಕೆ ಬರೆಯುವ ಪುಸ್ತಕ ನಿಮ್ಮ ಮೇಜಿನ ಮೇಲಿದ್ದರೂ ಅದರಲ್ಲಿ ಬರೆದ ಮಾತಿನ ಹಕ್ಕು ಬರೆದವರದ್ದು. ಕಾಗದಗಳಿಗೂ ಅಷ್ಟೇ. ಫೋಟೋ ತೆಗೆದವರದ್ದು, ನಿಮ್ಮ ಮನೆಯದ್ದೇ ಫೋಟೋ ಆದರೂ. ಒಂದು ಮೆಸೇಜ್ ಹಾಕಿ ಕೇಳಿದರೆ ನೂರಕ್ಕೆ ತೊಂಬತ್ತು ಜನ ಖುಷಿಯಿಂದ ಹೂಂ ಅನ್ನುತ್ತಾರೆ. ಆ ಉತ್ತರವನ್ನು ತೆಗೆದಿಟ್ಟುಕೊಳ್ಳಿ.

ಮಲೆನಾಡಿನ ಬಗ್ಗೆ ಬರೆಯುವಾಗ ಪ್ರತಿ ಅಧ್ಯಾಯದ ತಲೆಗೂ ಕುವೆಂಪು ಸಾಲು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಕೃತಿಸ್ವಾಮ್ಯ (ಕಾಪಿರೈಟ್) ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಅವರು ತೀರಿಕೊಂಡಿದ್ದು 1994ರಲ್ಲಿ. ಅಂದರೆ 2054 ಮುಗಿಯುವವರೆಗೆ ಅನುಮತಿ ಬೇಕು. ನಿಮ್ಮ ಮಾತಿನಲ್ಲೇ ಶುರು ಮಾಡಿ, ಅದೇ ಚೆಂದ.

ನಮ್ಮ ಕಡೆ ಮಾತಿನಲ್ಲಿ ಬರೆದರೆ ಬೇರೆಯವರಿಗೆ ಅರ್ಥ ಆಗುತ್ತಾ?

ಮಾತಾಡುವ ಜಾಗದಲ್ಲಿ ನಿಮ್ಮ ಕಡೆ ಮಾತೇ ಇರಲಿ. ಇಂಬಳ ಅಂತ ಬರೆದಲ್ಲಿ ಜಿಗಣೆ ಅಂತ ತಿದ್ದುವವರು ಸಿಗುತ್ತಾರೆ, ಬಿಡಬೇಡಿ. ಆ ಪದ ಎರಡನೇ ಸಲ ಬರುವಷ್ಟರಲ್ಲಿ ಓದುವವರು ತಾವೇ ಕಲಿತಿರುತ್ತಾರೆ.

ಅಡುಗೆ ವಿಧಾನಗಳನ್ನು ಕೊನೆಯಲ್ಲಿ ಸೇರಿಸಬೇಕಾ?

ಬೇಡ ಅಂತ ನನ್ನ ಅಭಿಪ್ರಾಯ. ಅಡುಗೆ ಪುಸ್ತಕವೇ ಬೇರೆ. ಸೇರಿಸಲೇಬೇಕು ಅನ್ನಿಸಿದರೆ, ಮಾಡಿದವರ ಹೆಸರು ಹಾಕಿ ಸೇರಿಸಿ.

ಪ್ರಕಾಶಕರ ಹತ್ತಿರ ಹೋಗಬೇಕಾ, ಸ್ವಂತ ಖರ್ಚಿನಲ್ಲಿ ಮಾಡಿಸಬೇಕಾ?

ಮೊದಲು ಪ್ರಕಾಶಕರನ್ನು ಕೇಳಿ. ಅವರು ಪ್ರಕಟಿಸಿದ ಪುಸ್ತಕಗಳನ್ನು ನಾಲ್ಕಾದರೂ ಓದಿ, ನಿಮ್ಮದು ಅಲ್ಲಿ ಹೊಂದುತ್ತದಾ ನೋಡಿ. ಇಡೀ ಹಸ್ತಪ್ರತಿ ಕಳಿಸಬೇಡಿ. ಎರಡು ಅಧ್ಯಾಯ, ಪುಸ್ತಕ ಯಾವುದರ ಬಗ್ಗೆ ಎಂಬ ಅರ್ಧ ಪುಟ, ಅಷ್ಟು ಸಾಕು. ಉತ್ತರಕ್ಕೆ ಮೂರು ನಾಲ್ಕು ತಿಂಗಳು ಕಾಯಬೇಕಾಗುತ್ತದೆ. ಕನ್ನಡದಲ್ಲಿ ರಾಯಲ್ಟಿ, ಅಂದರೆ ಲೇಖಕರ ಪಾಲು, ಸಾಮಾನ್ಯವಾಗಿ ಮುಖಬೆಲೆಯ ಶೇ 10ರ ಆಸುಪಾಸು. ಹಲವರು ದುಡ್ಡಿನ ಬದಲು ಪ್ರತಿಗಳನ್ನೇ ಕೊಡುತ್ತಾರೆ.

"ಒಂದಿಷ್ಟು ದುಡ್ಡು ಕೊಡಿ, ಪ್ರಕಟಿಸುತ್ತೇವೆ" ಅನ್ನುವವರೂ ಇದ್ದಾರೆ. ಅದು ತಪ್ಪೇನಲ್ಲ. ಆದರೆ ದುಡ್ಡು ನಿಮ್ಮದಾದರೆ ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ನಿಮಗೆ, ಮಾರಿದ್ದರ ಲೆಕ್ಕ ಯಾವಾಗ ಎಂಬುದು ಬರಹದಲ್ಲಿ ಇರಬೇಕು. ನಾನು ಒಂದು ಕಡೆ ಬಾಯಿ ಮಾತಿನ ಮೇಲೆ ಮುಂಗಡ ಕೊಟ್ಟು ಎಂಟು ತಿಂಗಳು ಕಳೆದುಕೊಂಡೆ. ಹೋಂಸ್ಟೇಯಲ್ಲಿ ಮುಂಗಡ ತೆಗೆದುಕೊಂಡರೆ ಕೋಣೆ ಕಾಯ್ದಿರಿಸಲೇಬೇಕು ಎಂಬ ಲೆಕ್ಕದಲ್ಲಿ ಬದುಕಿದವಳು ನಾನು, ಎಲ್ಲ ಕಡೆ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಕೊನೆಗೆ ನಾವೇ ಮಾಡಿಸಿದೆವು.

ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ. ಆದರೆ ಅದು ಯುವ ಬರಹಗಾರರಿಗೆ, ವಯಸ್ಸಿನ ಮಿತಿ ಇದೆ. ಮನೆಯಲ್ಲಿ ಮಗನೋ ಸೊಸೆಯೋ ಬರೆಯುತ್ತಿದ್ದರೆ ಅರ್ಜಿ ಕರೆಯುವುದನ್ನು ಗಮನಿಸುತ್ತಿರಲಿ.

ಒಪ್ಪಂದದಲ್ಲಿ ಏನು ನೋಡಬೇಕು?

ಹಕ್ಕು ಕೊಡುವುದು ಬರಹದಲ್ಲಿ, ಸಹಿ ಹಾಕಿ ಆಗಬೇಕು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೂ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಲೆಕ್ಕ. ಅಚ್ಚು, ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದುಕೊಡಬೇಡಿ. ಒಂದೊಂದನ್ನೂ ಬೇರೆ ಬೇರೆ ಮಾತಾಡಿ. ಕೃತಿಸ್ವಾಮ್ಯ ನೋಂದಣಿ ಕಡ್ಡಾಯ ಅಲ್ಲ, ಬರೆದ ದಿನದಿಂದಲೇ ಅದು ನಿಮ್ಮದು.

ಐಎಸ್‌ಬಿಎನ್‌ಗೆ ಎಷ್ಟು ಖರ್ಚು?

ಐಎಸ್‌ಬಿಎನ್ ಅಂದರೆ ಪುಸ್ತಕದ ಗುರುತಿನ ಸಂಖ್ಯೆ. ಅದಕ್ಕೆ ಖರ್ಚು ಏನೂ ಇಲ್ಲ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಸ್ವಂತ ಪ್ರಕಟಿಸುವ ಲೇಖಕರೂ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. 13 ಅಂಕಿಯ ಸಂಖ್ಯೆ ಬರುತ್ತದೆ. ಇ-ಪುಸ್ತಕಕ್ಕೆ ಬೇರೆಯದೇ ಬೇಕು. ಇದಕ್ಕೆ ದುಡ್ಡು ಕೇಳುವವರಿಗೆ ಕೊಡಬೇಡಿ.

ಅಚ್ಚಾದ ಮೇಲೆ ಇನ್ನೊಂದು ಕೆಲಸವಿದೆ. 1954ರ ಕಾಯ್ದೆ ಪ್ರಕಾರ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಪ್ರಕಾಶಕರೇ ತಮ್ಮ ಖರ್ಚಿನಲ್ಲಿ ಕಳಿಸಬೇಕು. ಸ್ವಂತ ಪ್ರಕಟಣೆಯಾದರೆ ಆ ಪ್ರಕಾಶಕರು ನೀವೇ. ನಮ್ಮ ಅಕ್ಕನ ಕಳಲೆ ಪಲ್ಯ ಕೋಲ್ಕತ್ತದ ಕಪಾಟಿನಲ್ಲಿ ಇರುತ್ತದೆ ಅಂತ ಹೇಳಿದಾಗ ಅವರು ಎರಡೆರಡು ಸಲ ಕೇಳಿಸಿಕೊಂಡರು.

ಮೊಬೈಲಿನಲ್ಲಿ ಟೈಪ್ ಮಾಡಿದ್ದೇನೆ. ಅದನ್ನೇ ಪ್ರೆಸ್ಸಿಗೆ ಕೊಡಬಹುದಾ?

ಕೊಡಬಹುದು, ಆದರೆ ಕಣ್ಣಿಟ್ಟು ಕೂರಬೇಕು. ಮೊಬೈಲಿನಲ್ಲಿ ಬರುವುದು ಯೂನಿಕೋಡ್, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ತೆರೆಯುವ ಅಕ್ಷರ. ಪುಟವಿನ್ಯಾಸ ಮಾಡುವ ಡಿಟಿಪಿಯವರು ಸುಮಾರು ಜನ ಈಗಲೂ ನುಡಿ ಅಥವಾ ಶ್ರೀಲಿಪಿ ತಂತ್ರಾಂಶದ ಹಳೇ ಅಕ್ಷರದಲ್ಲಿ ಕೆಲಸ ಮಾಡುತ್ತಾರೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತಕ್ಷರ ಬೀಳುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಅಂಕಿಗಳು ಅದಲುಬದಲಾಗುತ್ತವೆ. ನಮ್ಮ ಮೊದಲ ಕರಡಿನಲ್ಲಿ "ಮರ್ಯಾದೆ" ಎಂಬ ಪದ ಒಂದು ಕಡೆಯೂ ಸರಿ ಇರಲಿಲ್ಲ. ಅತಿಥಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅದು ಎಷ್ಟು ಸಲ ಬರುತ್ತದೆ ಯೋಚಿಸಿ.

ಯೂನಿಕೋಡ್‌ನಲ್ಲೇ ಪುಟ ಕಟ್ಟುವವರು ಸಿಕ್ಕರೆ ಅವರನ್ನೇ ಹಿಡಿಯಿರಿ. ಮುಂದೆ ಇ-ಪುಸ್ತಕಕ್ಕೂ ಸುಲಭ. ಕರಡು ತಿದ್ದುವುದು ಕಾಗದದ ಮೇಲೆ, ಕೆಂಪು ಪೆನ್ನಿನಲ್ಲಿ, ಕಡಿಮೆ ಅಂದರೆ ಮೂರು ಸಲ. ಒಂದು ಸಲ ನೀವು, ಒಂದು ಸಲ ಕನ್ನಡ ಮೇಷ್ಟ್ರಂಥವರು, ಕೊನೆಗೆ ಗಟ್ಟಿಯಾಗಿ ಓದುತ್ತಾ ನೀವೇ.

ಎಷ್ಟು ಪುಟ? ಎಷ್ಟು ಪ್ರತಿ? ಫೋಟೋ ಹಾಕಿಸಬೇಕಾ?

ಕನ್ನಡ ಪುಸ್ತಕಗಳ ಮಾಮೂಲಿ ಆಕಾರ 1/8 ಡೆಮಿ, ಒಳಗೆ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೊ ಎಂಬ ಮಾಮೂಲಿ ಅಚ್ಚಿನ ಕಾಗದ. ಆಫ್‌ಸೆಟ್ ಮುದ್ರಣದಲ್ಲಿ 16 ಪುಟ ಒಟ್ಟಿಗೆ ಅಚ್ಚಾಗುತ್ತದೆ, ಅದಕ್ಕೆ ಒಂದು ಫಾರಂ ಅನ್ನುತ್ತಾರೆ. ನಮ್ಮದು 163 ಪುಟಕ್ಕೆ ನಿಂತಿತ್ತು. ಹಾಗೇ ಬಿಟ್ಟರೆ 176 ಪುಟದ ಖರ್ಚು, ಮೂರು ಪುಟ ಇಳಿಸಿದರೆ ಸರಿಯಾಗಿ ಹತ್ತು ಫಾರಂ. ಒಂದು ರಾತ್ರಿ ಕೂತು ಮೂರು ಪುಟ ತೆಗೆದೆ. ಜಲಪಾತದ ವರ್ಣನೆಯೇ ಹೋಯಿತು, ಯಾರಿಗೂ ಕೊರತೆ ಆಗಿಲ್ಲ.

ಮ್ಯಾಪ್ಲಿಥೊ ಮೇಲೆ ಫೋಟೋ ಕಪ್ಪಾಗಿ ಬರುತ್ತದೆ. ಬೇಕೇ ಬೇಕೆಂದರೆ ಎಂಟು ಪುಟ ಆರ್ಟ್ ಪೇಪರಿನಲ್ಲಿ ಬೇರೆ ಮಾಡಿಸಿ. ಪ್ರತಿ 300ರಿಂದ 500 ಸಾಕು. ಸಾವಿರ ಮಾಡಿಸಿದರೆ ಒಂದು ಪ್ರತಿಯ ಖರ್ಚು ಕಡಿಮೆ ಆಗುವುದು ನಿಜ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಪುಸ್ತಕದ ಕಟ್ಟು ಇಡುವುದು ಎಲ್ಲಿ? ನಾವು ಒಲೆಯ ಮೇಲಿನ ಅಟ್ಟದಲ್ಲಿ, ಮೆಣಸಿನ ಮೂಟೆ ಪಕ್ಕ ಇಟ್ಟಿದ್ದೆವು. ಬೂಸ್ಟು ಹಿಡಿಯಲಿಲ್ಲ. ಹೊಗೆ ವಾಸನೆ ಬಂತು, ಕೊಂಡವರು ಅದನ್ನೂ ಇಷ್ಟಪಟ್ಟರು.

ಹೆಸರು ಏನಿಡೋದು?

"ಹೋಂಸ್ಟೇ ನೆನಪುಗಳು" ಅಂತ ಮೊದಲು ಬರೆದುಕೊಂಡಿದ್ದೆ. ಅತಿಥಿಗಳು ಕಾರಿನಿಂದ ಇಳಿದ ಕೂಡಲೇ ಕೇಳುತ್ತಿದ್ದ ಮೊದಲ ಮಾತು "ಬಿಸಿನೀರು ಇದ್ಯಾ?" ಹಾಗಾಗಿ "ಹಂಡೆ ನೀರು" ಅಂತ ಇಟ್ಟೆವು. ನಿಮ್ಮ ಮನೆಯಲ್ಲಿ ದಿನಾ ಕೇಳಿಬರುತ್ತಿದ್ದ ಮಾತು ಯಾವುದು, ಅದರ ಸುತ್ತ ಹುಡುಕಿ.

ಮಾರೋದು ಹೇಗೆ?

ಪುಸ್ತಕದಂಗಡಿಯವರು ಸಾಮಾನ್ಯವಾಗಿ ಶೇ 30ರಿಂದ 40 ರಿಯಾಯಿತಿ ಕೇಳುತ್ತಾರೆ. ಅದನ್ನು ಸೇರಿಸಿಯೇ ಬೆಲೆ ಇಡಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಪ್ರತಿ ಸಂಖ್ಯೆ ಹೆಚ್ಚಿಸಬೇಡಿ. ಆಯ್ಕೆಯಾಗಿ ಹಣ ಬರುವಷ್ಟರಲ್ಲಿ ಬಹಳ ಕಾಲ ಆಗುತ್ತದೆ. ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಯಾರ ಜೊತೆಗಾದರೂ ಅರ್ಧ ಮೇಜು ಸಿಕ್ಕರೆ ಒಳ್ಳೆಯದು.

ನಮ್ಮ ಪ್ರತಿಗಳು ಜಾಸ್ತಿ ಹೋಗಿದ್ದು ಹಳೇ ಅತಿಥಿಗಳಿಗೆ, ಅಂಚೆಯಲ್ಲಿ. 2025ರ ಮೇ 1ರಿಂದ ಪುಸ್ತಕ ಕಳಿಸಲು ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಎಂಬ ಸೇವೆ ಬಂದಿದೆ, 300 ಗ್ರಾಂ ಒಳಗಿನ ಕಟ್ಟಿಗೆ 20 ರೂಪಾಯಿಯಿಂದ ಶುರು. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರಿರಬೇಕು, ಜಾಹೀರಾತು ಇರಬಾರದು. ಹಿಂದಿನ ಪುಟದಲ್ಲಿ ನಿಮ್ಮ ಹೋಂಸ್ಟೇ ಬಾಡಿಗೆ ದರ ಹಾಕುವ ಯೋಚನೆ ಇದ್ದರೆ ಇಲ್ಲಿಗೇ ಬಿಡಿ.

ಇ-ಪುಸ್ತಕ, ಆಡಿಯೊ?

ಮಾಡಿಸಿ. ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್‌ಗಳಿವೆ. ಹೊರದೇಶದಲ್ಲಿರುವ ಕನ್ನಡದವರಿಗೆ ಪುಸ್ತಕ ಕಳಿಸುವ ಅಂಚೆ ಖರ್ಚು ಪುಸ್ತಕದ ಬೆಲೆಗಿಂತ ಜಾಸ್ತಿ. ಆಡಿಯೊ ಆದರೆ ಓದಲು ಬಾರದ ನಮ್ಮವರೂ ಕೇಳುತ್ತಾರೆ.

ಬಿಡುಗಡೆ ಎಲ್ಲಿ ಮಾಡೋದು?

ಮನೆ ಅಂಗಳದಲ್ಲಿ. ಬೆಂಗಳೂರಿನಲ್ಲಿ ಸಭಾಂಗಣ ಹಿಡಿಯುವ ದುಡ್ಡಿನಲ್ಲಿ ಇಡೀ ಊರಿಗೆ ಕಡುಬು ಊಟ ಹಾಕಬಹುದು. ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಇಟ್ಟುಕೊಳ್ಳಿ.

ನಾವು ಹೋಂಸ್ಟೇ ಮುಚ್ಚಿದೆವು. ಅದನ್ನೂ ಬರೆಯಬೇಕಾ?

ಬರೆಯಿರಿ. ತುಂಬ ಜನ ಅದನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ, ಸೋತೆವು ಅಂತ ಕಾಣಬಾರದು ಎಂದು. 2018ರ ಆಗಸ್ಟಿನಲ್ಲಿ ಕೊಡಗು, ಮರುವರ್ಷ ಅದೇ ತಿಂಗಳು ನಮ್ಮ ತಾಲ್ಲೂಕು, ಗುಡ್ಡಗಳೇ ಜಾರಿದವು. ಆಮೇಲೆ 2020ರ ಮಾರ್ಚ್ ಬಂತು. ನಮ್ಮ ರಿಜಿಸ್ಟರಿನ ಕೊನೆಯ ಹೆಸರು ಆ ಮಾರ್ಚ್‌ನದ್ದು. ಅದರ ಕೆಳಗೆ ಗೆರೆ ಎಳೆದ ಖಾಲಿ ಪುಟಗಳಿವೆ. ಆ ಖಾಲಿ ಪುಟಗಳ ಮೇಲೆಯೇ ನಾನು ಪುಸ್ತಕದ ಮೊದಲ ಕರಡು ಬರೆದೆ.

ಅಚ್ಚಾದ ಮೇಲೆ ತಪ್ಪು ಕಂಡರೆ?

ಚಿಕ್ಕ ಒಪ್ಪೋಲೆ (ತಪ್ಪು ಯಾವುದು, ಸರಿ ಯಾವುದು ಎಂಬ ಚೀಟಿ) ಅಚ್ಚು ಹಾಕಿಸಿ ಪ್ರತಿಯೊಂದರ ಒಳಗೂ ಇಡಿ. ನಮ್ಮದರಲ್ಲಿ ನಾಲ್ಕು ಸಾಲು ಇತ್ತು. ಮೂರು ಅಕ್ಷರದ ತಪ್ಪು. ನಾಲ್ಕನೆಯದು ಜೀಪ್ ಡ್ರೈವರ್ ಹೇಳಿದ್ದು: ಆ ರಾತ್ರಿ ಘಾಟಿಯಲ್ಲಿ ಬಿದ್ದಿದ್ದು ಹಲಸಿನ ಮರ ಅಲ್ಲ, ನಂದಿ ಮರ.